ಪ್ರಿಮೆಡ್ ಕನಸಿಗೆ ಹೈಸ್ಕೂಲಿನಲ್ಲೇ ಎಷ್ಟು ಎಪಿ ಬೇಕು?

ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದು ನನ್ನ ಬಳಿ ಸಲಹೆ ಕೇಳಲು ಬಂದಿತ್ತು. ಮಗಳು 10ನೇ ತರಗತಿ; ಪ್ರಿಮೆಡ್, ಅಂದರೆ ಮೆಡಿಕಲ್ ಸ್ಕೂಲಿಗೆ ತಯಾರಾಗುವ ಕಾಲೇಜು ಓದಿನ ಕನಸು. ಇಲ್ಲಿ ಅವಳನ್ನು ಸಿಂಧು ಎನ್ನುತ್ತೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮುಂದಿನ ವರ್ಷದ ವಿಷಯ ಆರಿಸಿ ಶಾಲೆಗೆ ಫಾರಂ ಕೊಡುವ ದಿನ ಹತ್ತಿರ ಬಂದಿತ್ತು. ತಂದೆ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಬಯಾಲಜಿ, ಎಪಿ ಕೆಮಿಸ್ಟ್ರಿ, ಎಪಿ ಫಿಸಿಕ್ಸ್ ಸಿ ಮೂರಕ್ಕೂ ಗುರುತು ಹಾಕಿ ತಂದಿದ್ದರು.

"ನಾವು ಪಿಯುಸಿಯಲ್ಲಿ ಪಿಸಿಎಂಬಿ ನಾಲ್ಕನ್ನೂ ಒಟ್ಟಿಗೇ ಓದಿದವರಲ್ವಾ ಮೇಡಂ? ಈಗಲೇ ಮುಗಿಸಿಬಿಟ್ರೆ ಕಾಲೇಜಿನಲ್ಲಿ ಒಂದು ವರ್ಷ ಉಳಿಯುತ್ತೆ" ಎಂದರು. ತಾಯಿಯ ಚಿಂತೆಯೇ ಬೇರೆ: ಮಗಳು ರಾತ್ರಿ ಒಂದರವರೆಗೂ ಎದ್ದಿರುತ್ತಾಳೆ, ಬೆಳಿಗ್ಗೆ ತಿಂಡಿ ತಿನ್ನದೇ ಓಡುತ್ತಾಳೆ.

ಸಿಂಧು ಮಾತಾಡಲಿಲ್ಲ. ಅವಳ ಕೆಮಿಸ್ಟ್ರಿ ಲ್ಯಾಬ್ ಪುಸ್ತಕ ಕೇಳಿ ತೆಗೆದುಕೊಂಡೆ. ಟೈಟ್ರೇಷನ್ ಪುಟದಲ್ಲಿ ಒಂದು ರೀಡಿಂಗ್ ಹೊಡೆದುಹಾಕಿ, ಹನಿ ಜಾಸ್ತಿ ಬಿದ್ದು ಬಣ್ಣ ಕಡುಗುಲಾಬಿ ಆಯಿತು ಎಂದು ಪಕ್ಕದಲ್ಲಿ ಬರೆದಿದ್ದಳು. ಕೆಳಗೆ ಮತ್ತೆ ಮಾಡಿದ ಲೆಕ್ಕ, ಅದರ ಕೆಳಗೆ ಇನ್ನೊಂದು. ಟೀಚರ್ ಮತ್ತೆ ಮಾಡಲು ಹೇಳಿದರಾ ಎಂದು ಕೇಳಿದೆ. "ಇಲ್ಲ ಆಂಟಿ, ನಂಗೇ ಸಮಾಧಾನ ಆಗ್ಲಿಲ್ಲ." ಇಂಥ ಮಗುವಿಗೆ ಬೇಕಾದ್ದು ಒಂದು ವಿಷಯದಲ್ಲಿ ಆಳಕ್ಕಿಳಿಯುವಷ್ಟು ಸಮಯ. ಮೂರು ಎಪಿ ಒಟ್ಟಿಗೆ ಹೇರಿದರೆ ಮೊದಲು ಹೋಗುವುದೇ ಅದು.

ತಂದೆಗೆ ದಾರಿಯ ವ್ಯತ್ಯಾಸ ವಿವರಿಸಿದೆ. ಊರಲ್ಲಿ ಅವರ ಕಾಲದ ಸಿಇಟಿ, ಈಗಿನ ನೀಟ್ ಬರೆದು ಸೀಟು ಸಿಕ್ಕರೆ ನೇರ ಎಂಬಿಬಿಎಸ್. ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ, ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಆಮೇಲೆ ಮೆಡಿಕಲ್ ಸ್ಕೂಲ್. ಎಪಿ ಪರೀಕ್ಷೆಯಲ್ಲಿ 5ಕ್ಕೆ 5 ಬಂದರೂ ಹಲವು ಮೆಡಿಕಲ್ ಸ್ಕೂಲುಗಳು ಆ ಕ್ರೆಡಿಟ್ಟನ್ನು ಒಪ್ಪುವುದಿಲ್ಲ. ಒಪ್ಪುವ ಕಡೆಯೂ ಅದೇ ವಿಷಯದಲ್ಲಿ ಮೇಲಿನ ಹಂತದ ಕೋರ್ಸು ಮಾಡಿರಬೇಕು ಎನ್ನುವುದುಂಟು. ಹಾಗಾಗಿ ವರ್ಷ ಉಳಿಯುತ್ತದೆ ಎಂಬ ಲೆಕ್ಕ ನೆಚ್ಚುವಂಥದ್ದಲ್ಲ. ಎಪಿ ಕ್ರೆಡಿಟ್ ನೆಚ್ಚಿ ಕಾಲೇಜಿನ ಜನರಲ್ ಕೆಮಿಸ್ಟ್ರಿ ಬಿಟ್ಟು ಮೊದಲ ಸೆಮಿಸ್ಟರಿನಲ್ಲೇ ಆರ್ಗ್ಯಾನಿಕ್‌ಗೆ ಕೂತು ಸಿ ಗ್ರೇಡ್ ಬಂತೆನ್ನಿ. ಕೋರ್ಸನ್ನು ಮತ್ತೆ ಮಾಡಿದರೂ ಮೆಡಿಕಲ್ ಅರ್ಜಿಯ ಜಿಪಿಎಯಲ್ಲಿ (ಗ್ರೇಡುಗಳ ಸರಾಸರಿಯಲ್ಲಿ) ಆ ಸಿ ಉಳಿದೇ ಇರುತ್ತದೆ.

"ಹಾಗಾದ್ರೆ ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರಿಸಿದ್ರೆ?" ಎಂದು ಕೇಳಿದರು ತಂದೆ. ಅಂದರೆ ಹತ್ತಿರದ ಸ್ಥಳೀಯ ಕಾಲೇಜಿನಲ್ಲಿ ಈಗಲೇ ಕೋರ್ಸು ಮಾಡಿಸುವುದು.

ಇದನ್ನು ಪೋಷಕರಿಗೆಲ್ಲ ಒತ್ತಿ ಹೇಳಬೇಕೆನಿಸುತ್ತದೆ. ಹೈಸ್ಕೂಲಿನ ಎಪಿ ಗ್ರೇಡು ಮೆಡಿಕಲ್ ಅರ್ಜಿಯ ಜಿಪಿಎಗೆ ಸೇರುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಮಾಡಿದ ಕಾಲೇಜು ಕೋರ್ಸಿನ ಗ್ರೇಡು ಸೇರುತ್ತದೆ! ಹದಿನಾರನೇ ವಯಸ್ಸಿನಲ್ಲಿ, ಅರ್ಧ ನಿದ್ದೆಯಲ್ಲಿ ಬಂದ ಗ್ರೇಡಿಗೆ ಆ ಹುಡುಗಿ ಮುಂದೆ ಉತ್ತರ ಕೊಡಬೇಕಾಗುತ್ತದೆ.

ನಾನು ಸೂಚಿಸಿದ್ದು ಇಷ್ಟು. 11ನೇ ತರಗತಿಗೆ ವಿಜ್ಞಾನದಲ್ಲಿ ಎಪಿ ಕೆಮಿಸ್ಟ್ರಿ ಒಂದೇ, ಜೊತೆಗೆ ಆನರ್ಸ್ (ಎಪಿಗಿಂತ ಒಂದು ಹಂತ ಕೆಳಗಿನ) ಫಿಸಿಕ್ಸ್. ಎಪಿ ಬಯಾಲಜಿ 12ಕ್ಕಿರಲಿ; ಕೆಮಿಸ್ಟ್ರಿ ಗಟ್ಟಿಯಾದರೆ ಜೀವಕೋಶದೊಳಗಿನ ಕ್ರಿಯೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಫಿಸಿಕ್ಸ್ ಸಿಗೆ ಕ್ಯಾಲ್ಕುಲಸ್ ಬೇಕು, ಇವಳು ಆ ವರ್ಷ ಇನ್ನೂ ಪ್ರಿಕ್ಯಾಲ್ಕುಲಸ್. ಎಂಕ್ಯಾಟ್‌ನ ಫಿಸಿಕ್ಸಿಗೂ ಕ್ಯಾಲ್ಕುಲಸ್ ಬೇಡ. ಸಮಯ ಉಳಿಸಲು ಸಿಂಧು ಆನರ್ಸ್ ಇಂಗ್ಲಿಷ್ ಬಿಡಲು ಹೊರಟಿದ್ದಳು. ಬಿಡಬೇಡ ಎಂದೆ: ಎಂಕ್ಯಾಟ್‌ನ ನಾಲ್ಕು ವಿಭಾಗಗಳಲ್ಲಿ ಒಂದು ಪೂರ್ತಿ ಓದಿ ಗ್ರಹಿಸುವುದರ ಮೇಲೇ ನಿಂತಿದೆ, ಅದು ಕೊನೆಯ ಕೆಲವು ತಿಂಗಳಲ್ಲಿ ಕಲಿಯುವ ವಿದ್ಯೆಯಲ್ಲ.

ಎಪಿ ಕಡಿಮೆಯಾದರೆ ಒಳ್ಳೆಯ ಕಾಲೇಜು ಸಿಗುವುದೇ ಎಂಬ ಅಳುಕು ತಂದೆಗೆ ಇನ್ನೂ ಇದೆ. ಶಾಲೆಯಲ್ಲಿ ಸಿಗುವ ಕಠಿಣ ಕೋರ್ಸುಗಳನ್ನು ವಿದ್ಯಾರ್ಥಿ ಹೇಗೆ ನಿಭಾಯಿಸಿದ್ದಾಳೆ ಎಂಬುದನ್ನು ಕಾಲೇಜುಗಳು ನೋಡುತ್ತವೆ. ಎರಡು ವರ್ಷಕ್ಕೆ ಹಂಚಿದ ಎಪಿಯೂ ಆ ಲೆಕ್ಕಕ್ಕೆ ಬರುತ್ತದೆ.

ಸೆಪ್ಟೆಂಬರಿನಲ್ಲಿ ಮೊದಲ ಟೆಸ್ಟುಗಳಾದ ಮೇಲೆ ಮತ್ತೆ ಬರಲು ಹೇಳಿದ್ದೇನೆ. ಅಷ್ಟರಲ್ಲಿ ಶಾಲೆಯಲ್ಲಿ ಕೋರ್ಸ್ ಬದಲಿಸುವ ಕೊನೆಯ ದಿನಾಂಕ ತಿಳಿದುಕೊಂಡಿರಬೇಕು. ರಾತ್ರಿ ಹನ್ನೊಂದಕ್ಕೆ ಮಲಗಲು ಆಗುತ್ತಿಲ್ಲ ಎಂದಾದರೆ ಯಾವುದನ್ನು ಕಡಿಮೆ ಮಾಡಬೇಕು, ರೊಬಾಟಿಕ್ಸ್ ಕ್ಲಬ್ಬೋ ವಾರಾಂತ್ಯದ ಟ್ಯೂಷನ್ನೋ ಎಂಬುದನ್ನು ಸಿಂಧುವೇ ಹೇಳಲಿ, ಅಪ್ಪ ಅಮ್ಮ ಕೇಳಿಸಿಕೊಳ್ಳಲಿ ಎಂದು ಒಪ್ಪಂದವಾಗಿದೆ.