ಅಣ್ಣನ ಸಾವು ಯಾವ ಲೆಕ್ಕಕ್ಕೆ?

ಪ್ರಶ್ನೆ: ಮೇಡಂ, 2020ರ ಏಪ್ರಿಲ್‌ನಲ್ಲಿ ನನ್ನ ಅಣ್ಣ ಮನೆಯಲ್ಲೇ ತೀರಿಕೊಂಡ. ಎರಡು ದಿನದಿಂದ ಎದೆನೋವು ಎನ್ನುತ್ತಿದ್ದ. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತದೆಂದು ಹೆದರಿ ಹೋಗಲಿಲ್ಲ. ಮರಣ ಪ್ರಮಾಣಪತ್ರದಲ್ಲಿ ‘ಹೃದಯಾಘಾತ’ ಎಂದಷ್ಟೇ ಇದೆ. ‘ಹೆಚ್ಚುವರಿ ಸಾವು’ ಎಂದು ಹೇಳುತ್ತಾರಲ್ಲ, ಅದರಲ್ಲಿ ಅವನು ಸೇರಿದ್ದಾನೆಯೇ? ಹೆಚ್ಚುವರಿ ಸಾವಿನಿಂದ ಕೊರೊನಾ ಸಾವು ಕಳೆದರೆ ಅಣ್ಣನಂಥವರ ಸಂಖ್ಯೆ ಸಿಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮರಣ ದಾಖಲೆಗಳನ್ನು ಓದಿ ಕಾರಣಕ್ಕೆ ಸಂಕೇತ ಹಾಕುವ ಕೆಲಸ ಮೂವತ್ತು ವರ್ಷ ಮಾಡಿದ್ದೇನೆ. ಹೃದಯಾಘಾತಕ್ಕೆ ‘ಐ21’. ಆ ಹಾಳೆಯಲ್ಲಿ ನೇರ ಕಾರಣಕ್ಕೊಂದು ಸಾಲು, ಅದು ಯಾವುದರಿಂದ ಬಂತು ಎನ್ನಲು ಕೆಳಗೊಂದು, ತೀರಾ ಕೆಳಗೆ ಮೂಲ ಕಾರಣ. ‘ಹೆದರಿ ಆಸ್ಪತ್ರೆಗೆ ಹೋಗಲಿಲ್ಲ’ ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ನಿಮ್ಮ ಅಣ್ಣನ ಸಾವು ನೋಂದಣಿಯಾಗಿದ್ದರೆ ಆ ವರ್ಷ ಸತ್ತವರ ಒಟ್ಟು ಎಣಿಕೆಯಲ್ಲಿ ಖಂಡಿತ ಇದೆ. ಆ ಒಟ್ಟಿನಿಂದ ‘ಸಾಮಾನ್ಯ ವರ್ಷವಾಗಿದ್ದರೆ ಎಷ್ಟು ಜನ ಸಾಯುತ್ತಿದ್ದರು’ ಎಂಬ ಅಂದಾಜನ್ನು ಕಳೆದರೆ ಉಳಿಯುವುದೇ ಹೆಚ್ಚುವರಿ. ಆದರೆ ಇವರು ಹೆಚ್ಚುವರಿ, ಇವರು ನಿರೀಕ್ಷಿತ ಎಂದು ಯಾರ ಹೆಸರನ್ನೂ ಬೊಟ್ಟು ಮಾಡಲು ಬರುವುದಿಲ್ಲ. ಲಂಡನ್ನಿನಲ್ಲಿ 1847ರ ಇನ್‌ಫ್ಲುಯೆಂಜಾ ಹೊತ್ತಿಗೆ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಇದೇ ರೀತಿ ಲೆಕ್ಕ ಹಾಕಿದಾಗಲೂ ಸಿಕ್ಕಿದ್ದು ರಾಶಿಯ ಲೆಕ್ಕವೇ.

ಇನ್ನು ನೀವು ಹೇಳಿದ ಕಳೆಯುವ ಲೆಕ್ಕ. ಒಂದು ಊರಲ್ಲಿ 1,000 ಸಾವು ನಿರೀಕ್ಷಿತ, ಆದದ್ದು 1,300, ಕೊರೊನಾ ಎಂದು ದಾಖಲಾದದ್ದು 180 ಎಂದಿಟ್ಟುಕೊಳ್ಳಿ. ಉಳಿದ 120 ‘ಬೇರೆ ಕಾರಣ’ವೇ? ಪರೀಕ್ಷೆಯೇ ಆಗದೆ ಕೊರೊನಾದಿಂದ ಸತ್ತವರು ಅದರೊಳಗೆ 90 ಮಂದಿ ಇರಬಹುದು. ಆಗ ಉಳಿಯುವುದು 30. ಇನ್ನೊಂದು ಮಗ್ಗುಲಿನಿಂದ ನೋಡಿ: ಜನ ಮನೆಯೊಳಗಿದ್ದುದರಿಂದ ಫ್ಲೂ ಹರಡದೆ 40 ಸಾವು ತಪ್ಪಿದ್ದರೆ, ಬೇರೆ ಕಾರಣದಿಂದ ಹೆಚ್ಚಾದದ್ದು 30 ಅಲ್ಲ, 70. ತಪ್ಪಿದ ಸಾವು ಯಾವ ದಾಖಲೆಯಲ್ಲೂ ಕಾಣುವುದಿಲ್ಲ, ಆದರೂ ಲೆಕ್ಕದೊಳಗೆ ಕೂತು ಉಳಿದ ಸಾವುಗಳನ್ನು ಮುಚ್ಚಿಬಿಡುತ್ತದೆ. ನನಗೆ ಅತ್ಯಂತ ಕಷ್ಟ ಕೊಟ್ಟದ್ದು ಇದೇ.

ಇಟಲಿಯ ಲೊಂಬಾರ್ಡಿಯ ಒಂದು ಅಧ್ಯಯನ ನೋಡಿ. 2020ರ ಫೆಬ್ರವರಿ 21ರಿಂದ ಮಾರ್ಚ್ 31ರವರೆಗೆ ನಾಲ್ಕು ಪ್ರಾಂತ್ಯಗಳಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತ ಪ್ರಕರಣ 362. ಹಿಂದಿನ ವರ್ಷ ಅದೇ ದಿನಗಳಲ್ಲಿ 229. ಹೆಚ್ಚಾದದ್ದು 133. ಭಯದಿಂದ ಆಸ್ಪತ್ರೆಗೆ ಬಾರದವರೇ ಇವರೆಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆ 362ರಲ್ಲಿ 103 ಮಂದಿಗೆ ಕೊರೊನಾ ಖಚಿತವಾಗಿತ್ತು ಅಥವಾ ಇದೆಯೆಂಬ ಶಂಕೆ ಇತ್ತು. ಎಂದರೆ ಏರಿಕೆಯ ಮುಕ್ಕಾಲು ಪಾಲಿನ ಹಿಂದೆ ವೈರಸ್ಸೇ ಇದ್ದಿರಬಹುದು. ನಿಮ್ಮ ಅಣ್ಣನ ವಿಷಯದಲ್ಲೂ ಈ ಸಾಧ್ಯತೆಯನ್ನು ತಳ್ಳಿಹಾಕಲಾರೆ. ಇದನ್ನು ಹೇಳಲು ನನಗೆ ನೋವಾಗುತ್ತಿದೆ.

ಹಾಗಾಗಿ ನಾವು ಒಂದೊಂದು ಕಾಯಿಲೆಯನ್ನೂ ಬಿಡಿಬಿಡಿಯಾಗಿ, ವಾರವಾರವೂ ನೋಡುತ್ತೇವೆ. 2015ರಿಂದ 2019ರವರೆಗಿನ ಹೃದಯದ ಸಾವುಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ, ವೃದ್ಧರು ಹೆಚ್ಚಿದಂತೆ ಸಾವೂ ಹೆಚ್ಚುವುದನ್ನು ಸೇರಿಸಿ ಒಂದು ಗೆರೆ ಎಳೆಯುತ್ತೇವೆ. 2020ರ ಗೆರೆ ಅದನ್ನು ಯಾವ ವಾರ ದಾಟಿತು? ಸೋಂಕು ಉಕ್ಕಿದ ವಾರಗಳಲ್ಲೇ ದಾಟಿದ್ದರೆ ಪತ್ತೆಯಾಗದ ಕೊರೊನಾ ಎಂಬ ಗುಮಾನಿ ಬಲವಾಗುತ್ತದೆ. ಸೋಂಕು ಇನ್ನೂ ಕಾಲಿಡದ, ಆದರೆ ಲಾಕ್‌ಡೌನ್ ಆಗಿದ್ದ ಕಡೆ ಹೃದಯದ ಸಾವು ಏರಿದ್ದರೆ, ಅದರಲ್ಲೂ ಆಸ್ಪತ್ರೆಯ ಸಾವು ಇಳಿದು ಮನೆಯ ಸಾವು ಏರಿದ್ದರೆ, ಅಲ್ಲಿ ಭಯದ ಗುರುತು ಕಾಣುತ್ತದೆ. ತೊಡಕು ಇನ್ನೂ ಒಂದಿದೆ: ಆ ವರ್ಷ ಹೃದ್ರೋಗದಿಂದಲೇ ಸಾಯಬೇಕಿದ್ದವರು ಕೆಲವರು ಮೊದಲೇ ಕೊರೊನಾದಿಂದ ಹೋದರು. ಆಗ ಹೃದಯದ ಸಾವು ಕಡಿಮೆಯಾದಂತೆ ತೋರುತ್ತದೆ.

ಅಣ್ಣನ ಎದೆನೋವು ಶುರುವಾದದ್ದು ಯಾವಾಗ, ಜ್ವರ ಕೆಮ್ಮು ಇತ್ತೇ, ಮನೆಯಲ್ಲಿ ಮತ್ತಾರಿಗಾದರೂ ಇತ್ತೇ, ನೆನಪಿರುವುದನ್ನೆಲ್ಲ ಬರೆದಿಡಿ. ಮನೆಯವರನ್ನು ಕೇಳಿ ಸಾವಿನ ಕಾರಣ ಊಹಿಸುವ ಸಮೀಕ್ಷೆಗಳಲ್ಲಿ ಕೇಳುವುದೂ ಇಂಥವನ್ನೇ.

ಪ್ರಶ್ನೆ: ಸಾಂಕ್ರಾಮಿಕ ಮುಗಿಯಿತು. ಈ ಲೆಕ್ಕವೂ ಮುಗಿದಂತೆಯೇ?

ಉತ್ತರ: ಇಲ್ಲ. 2020 ಮತ್ತು 2021ರಲ್ಲಿ ಜಗತ್ತಿನಾದ್ಯಂತ ಸುಮಾರು 1.49 ಕೋಟಿ ಹೆಚ್ಚುವರಿ ಸಾವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಅದು ಆ ಎರಡು ವರ್ಷದ್ದು ಮಾತ್ರ. ಆಗ ಪತ್ತೆಯಾಗದೆ ಉಳಿದ ಕಾಯಿಲೆಗಳ ಸಾವು ಆಮೇಲೂ ಬರುತ್ತದೆ. ಜಗತ್ತಿನಲ್ಲಿ 2019ರಲ್ಲಿ 71 ಲಕ್ಷ ಹೊಸ ಕ್ಷಯರೋಗಿಗಳು ಪತ್ತೆಯಾಗಿ ದಾಖಲಾಗಿದ್ದರು. 2020ರಲ್ಲಿ 58 ಲಕ್ಷ. ಕ್ಷಯ ಕಡಿಮೆಯಾಗಿರಲಿಲ್ಲ, ಪತ್ತೆ ಕಡಿಮೆಯಾಗಿತ್ತು. ತಡವಾಗಿ ಪತ್ತೆಯಾದ ಕ್ಯಾನ್ಸರ್ ಕೂಡ ಹೀಗೆಯೇ: ಗಂಟು ಇದ್ದದ್ದು 2020ರಲ್ಲಿ, ಸಾವು ದಾಖಲಾಗುವುದು 2024ರಲ್ಲೋ 2026ರಲ್ಲೋ. ಆ ವರ್ಷಗಳ ಹಾಳೆಗಳನ್ನು ಬಿಡಿಸುವವರು ಇದನ್ನು ನೆನಪಿಟ್ಟುಕೊಂಡಿರಬೇಕು. ನನ್ನ ಜಾಗಕ್ಕೆ ಬಂದ ಹುಡುಗಿಗೆ ಈ ಮಾತನ್ನು ಮೊನ್ನೆಯೂ ಹೇಳಿದೆ.