ಓದುಗರ ಪ್ರಶ್ನೆ: ಜೈಸಲ್ಮೇರಿಗೆ ಹೊರಡುವ ಮುನ್ನ

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಅತ್ತೆಯವರನ್ನೂ ಮಕ್ಕಳಿಬ್ಬರನ್ನೂ ಕರೆದುಕೊಂಡು ಜೈಸಲ್ಮೇರ್ ನೋಡಬೇಕೆಂದಿದ್ದೇವೆ. ಅತ್ತೆಗೆ ಮಂಡಿನೋವು. ಅಲ್ಲಿ ಎರಡು ದಿನ ಸಾಕೇ? ಒಂಟೆ ಸವಾರಿ ಅವರಿಂದ ಆದೀತೇ?
– ಓದುಗರು, ಡೊಂಬಿವಲಿ

ಉತ್ತರ: ಊರಿಗೆ ಒಂದು ದಿನ, ಮರಳಿಗೆ ಒಂದು ಸಂಜೆ ಮತ್ತು ರಾತ್ರಿ ಸಾಕು. ಆದರೆ ಪ್ರಯಾಣವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಬಾಂದ್ರಾ ಟರ್ಮಿನಸ್‌ನಿಂದ ಜೋಧಪುರದವರೆಗೆ ರಾತ್ರಿಯ ರೈಲು, ಅಲ್ಲಿಂದ ಮುಂದೆ ರಸ್ತೆಯಲ್ಲಿ ಸುಮಾರು ಐದು ತಾಸು. ಟಿಕೆಟ್ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಕ್ರಿಸ್‌ಮಸ್ ವಾರಕ್ಕೆ ಆ ದಿನವೇ ಕೂತು ಮಾಡಿಸಿ.

ಸಮ್ ಮರಳುದಿಬ್ಬಗಳು ಊರಿನಿಂದ ಪಶ್ಚಿಮಕ್ಕೆ 40 ಕಿ.ಮೀ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಆರಕ್ಕೆ. ಐದಕ್ಕೆ ಊರು ಬಿಟ್ಟವರಿಗೆ ಸಿಗುವುದು ಜೀಪುಗಳ ಧೂಳು ಮಾತ್ರ. ಎರಡಕ್ಕೇ ಹೊರಟರೆ ದಾರಿಯಲ್ಲೇ ಪಾಲೀವಾಲ ಬ್ರಾಹ್ಮಣರು ಬಿಟ್ಟುಹೋದ ಹಾಳೂರು ಕುಲಧರಾ ನೋಡಬಹುದು. ಅಲ್ಲಿನ ಭೂತದ ಕಥೆಗಳಿಗಿಂತ ಮನೆಗಳ ವಿನ್ಯಾಸ, ನೇರ ಬೀದಿಗಳು ನೋಡಲು ಚೆಂದ.

ಅತ್ತೆಯವರನ್ನು ಒಂಟೆ ಹತ್ತಿಸದಿರುವುದೇ ಲೇಸು. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಅದೇ ಪಾಡು. ಎರಡೂ ಸಲ ಜೀನಿನ ಹಿಡಿ ಬಿಗಿಯಾಗಿ ಹಿಡಿದು ಬೆನ್ನು ಹಿಂದಕ್ಕೆ ವಾಲಿಸಬೇಕೆಂದು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಅಗಲವಾದ ಜೀನಿನ ಮೇಲೆ ಕಾಲು ಚಾಚಿ ಕೂರುವುದರಿಂದ ಮಂಡಿ, ಸೊಂಟ ಎರಡೂ ಹಿಡಿದುಕೊಳ್ಳುತ್ತವೆ. ಅವರಿಗೆ ಒಂಟೆಗಾಡಿ ಸಿಗುತ್ತದೆ. ಹತ್ತಲು ಸ್ಟೂಲ್ ಕೇಳಿ. ದಿಬ್ಬ ಹತ್ತಿಳಿಯುವ ಜೀಪು ಮಾತ್ರ ಬೇಡವೇ ಬೇಡ, ನೆಟ್ಟಗಿರುವ ಬೆನ್ನನ್ನೂ ಅದು ಕೆಡಿಸುತ್ತದೆ. ಎಷ್ಟು ಹೊತ್ತು, ಎಲ್ಲಿಯವರೆಗೆ, ತಲೆಗೋ ಒಂಟೆಗೋ ಎಷ್ಟು ಎಂಬುದನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಪಕ್ಕದ ದಿಬ್ಬ ತೋರಿಸಿ ‘ಸನ್‌ಸೆಟ್ ಪಾಯಿಂಟ್’ ಎಂದು ಇಳಿಸಿಬಿಡುತ್ತಾರೆ.

ಮಧ್ಯಾಹ್ನ ಹತ್ತಿಯ ಅಂಗಿ ಸಾಕು. ಆದರೆ ಒಣಗಾಳಿ, ಮೋಡವಿಲ್ಲದ ಆಕಾಶ ಇರುವ ಕಡೆ ಮರಳು ಹಗಲ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ರಾತ್ರಿ ಏಳೆಂಟು ಡಿಗ್ರಿಗೆ ಇಳಿಯುವುದು ಸಾಮಾನ್ಯ. ಮಹಾಬಳೇಶ್ವರಕ್ಕೆಂದು ಕೊಂಡು ಬೀರುವಿನಲ್ಲಿಟ್ಟ ತೆಳು ಸ್ವೆಟರ್ ಸಾಲದು. ಕಿವಿಟೋಪಿ, ಕಾಲುಚೀಲ, ದಪ್ಪ ಶಾಲು ಇರಲಿ. ಸಮ್‌ನ ಟೆಂಟುಗಳಲ್ಲಿ ಡಿಜೆ ಗದ್ದಲ ಜಾಸ್ತಿ. ಅಲ್ಲಿನ ಜನಪದ ಗಾಯಕರಾದ ಮಾಂಗಣಿಯಾರರ ಕಮಾಯಚಾ (ಕಮಾನಿನಿಂದ ನುಡಿಸುವ ತಂತಿವಾದ್ಯ), ಖಡತಾಲ್ (ಮರದ ಚಿಟಿಕೆ) ಮೈಕಿಲ್ಲದೆ ಕೇಳುವ ಆಸೆಯಿದ್ದರೆ ನೈಋತ್ಯ ದಿಕ್ಕಿನ ಖುಹ್ಡಿ ಗ್ರಾಮದಲ್ಲಿ ಉಳಿಯಿರಿ, ಗದ್ದಲ ಕಡಿಮೆ.

ಪ್ರಶ್ನೆ: ಕೋಟೆಯ ಒಳಗೇ ಹೋಟೆಲುಗಳಿವೆಯಂತೆ. ಅಲ್ಲಿ ಉಳಿಯುವುದು ಒಳ್ಳೆಯದಲ್ಲವೇ?
– ಓದುಗರು, ಮುಲುಂಡ್

ಉತ್ತರ: ನೋಡಲು ಹೋಗಿ, ಉಳಿಯಲು ಬೇಡ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಈ ಕೋಟೆಯಲ್ಲಿ ಇಂದಿಗೂ ಜನ ವಾಸಿಸುತ್ತಾರೆ. 2013ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲಕ್ಕೆ ಕಟ್ಟಿದ್ದು ಅದು. ಈಗ ಕೋಣೆಕೋಣೆಗೂ ಶವರ್, ಕಮೋಡ್. ಆ ನೀರು ಹಳೆಯ ಚರಂಡಿಗಳಿಂದ ಸೋರಿ ಕೋಟೆ ನಿಂತಿರುವ ತ್ರಿಕೂಟ ಗುಡ್ಡದ ಮೆದು ಪದರಗಳಿಗೆ ಇಳಿದು, ಗೋಡೆ ಬುರುಜುಗಳು ಕುಸಿದ ಉದಾಹರಣೆಗಳಿವೆ. ಹೊರಗೆ ರೂಮು ಮಾಡಿದರೆ ಬೆಳಗ್ಗೆ ಬೇಗ ಎದ್ದು ಗಡೀಸರ್ ಕೆರೆಯ ಕಡೆಯಿಂದ ಮೊದಲ ಬಿಸಿಲು ಬಿದ್ದ ಕೋಟೆಯನ್ನೂ ನೋಡಬಹುದು.

ಒಳಗಿನ ಜೈನ ಬಸದಿಗಳನ್ನು ಬೆಳಗ್ಗೆಯೇ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಪ್ರವಾಸಿಗರಿಗೆ ಬಾಗಿಲು ಹಾಕುತ್ತಾರೆ. ಚರ್ಮದ ಬೆಲ್ಟು, ಪರ್ಸು ಒಳಗೆ ಬಿಡುವುದಿಲ್ಲ. ಕೋಟೆಯ ಹೆಬ್ಬಾಗಿಲು ಅಖೈ ಪೋಲ್‌ನಿಂದ ಮೇಲಕ್ಕೆ ಹೋಗುವ ಏರುದಾರಿಯ ಹಾಸುಗಲ್ಲುಗಳು ಸವೆದು ನುಣುಪಾಗಿವೆ. ಹಿಡಿತವಿರುವ ಚಪ್ಪಲಿ ಹಾಕಿ.

ಪ್ರಶ್ನೆ: ಮೇ ತಿಂಗಳಲ್ಲಿ ಹೋಟೆಲ್ ಅಗ್ಗವಂತೆ, ಹೋಗಬಹುದೇ?
– ಓದುಗರು, ವಾಶಿ

ಉತ್ತರ: ಬೇಡ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹಗಲೆಲ್ಲ ಎಸಿ ಕೋಣೆಯಲ್ಲೇ ಕೂರುವುದಾದರೆ ಆ ಅಗ್ಗ ಯಾವ ಸುಖಕ್ಕೆ?

ಪ್ರಶ್ನೆ: ಅಲ್ಲಿಂದ ತಂದ ಕೇರ್-ಸಾಂಗ್ರಿ ಬೇಯಿಸಿದರೆ ಕಹಿ ಬಂತು. ಏನು ತಪ್ಪಾಯಿತು?
– ಓದುಗರು, ಮಾಟುಂಗಾ

ಉತ್ತರ: ಎರಡನ್ನೂ ಒಟ್ಟಿಗೆ ನೆನೆಸಿರುತ್ತೀರಿ. ಸಾಂಗ್ರಿ ಎಂದರೆ ನಾವು ವಿಜಯದಶಮಿಗೆ ಪೂಜಿಸುವ ಬನ್ನಿಮರದ ಒಣ ಕಾಯಿ, ಅದರಿಂದ ತೊಂದರೆಯಿಲ್ಲ. ಕಹಿಯೆಲ್ಲ ಮರುಭೂಮಿಯ ಪೊದೆಯಲ್ಲಿ ಬಿಡುವ ಕೇರ್ ಕಾಯಿಯದು. 100 ಗ್ರಾಂ ಸಾಂಗ್ರಿಗೆ 25 ಗ್ರಾಂ ಕೇರ್ ಸಾಕು. ಕೇರನ್ನು ಬೇರೆಯಾಗಿ ರಾತ್ರಿಯಿಡೀ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಬೆಳಗ್ಗೆ ನಾಲ್ಕೈದು ನೀರಿನಲ್ಲಿ ತೊಳೆಯಿರಿ. ಸಾಂಗ್ರಿಯನ್ನು ಬರೀ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ. ಆಮೇಲೆ ಎರಡನ್ನೂ ಅರಿಶಿನ ಹಾಕಿ ಬೇಯಿಸಿ ಬಸಿದು, ಎಣ್ಣೆ ಧಾರಾಳವಾಗಿಟ್ಟು ಜೀರಿಗೆ, ಕೆಂಪು ಮೆಣಸಿನಕಾಯಿ, ಆಮ್‌ಚೂರ್ ಹಾಕಿ ಒಗ್ಗರಿಸಿ. ಎಣ್ಣೆಗೆ ಕೈ ಹಿಡಿದರೆ ಪಲ್ಯ ನಾರುನಾರಾಗುತ್ತದೆ.