12345654321 ಎಂಬ ಸಂಖ್ಯೆಯಲ್ಲಿ ಏನು ವಿಶೇಷ?

ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಥರ ಇರುವುದು ಬಿಟ್ಟರೆ 12345654321ರಲ್ಲಿ ಬೇರೇನಿದೆ ಅಂತ ಕೇಳಿದ್ದೀರಿ. ತುಂಬಾ ಇದೆ. ನನಗೆ ಬಹಳ ಇಷ್ಟದ ಸಂಖ್ಯೆ ಇದು.

ಮೊದಲನೆಯದಾಗಿ, ಇದು 111111ರ ವರ್ಗ. ಒಂದು ಹಾಳೆ ತಗೊಂಡು 111111ನ್ನು 111111ರಿಂದ ಶಾಲೆಯಲ್ಲಿ ಕಲಿತ ಹಾಗೇ ಗುಣಿಸಿ. ಆರು ಸಾಲು ಬರುತ್ತವೆ. ಪ್ರತಿ ಸಾಲೂ 111111, ಒಂದೊಂದು ಸ್ಥಾನ ಎಡಕ್ಕೆ ಸರಿದಿರುತ್ತದೆ ಅಷ್ಟೇ. ಈಗ ಮೇಲಿಂದ ಕೆಳಗೆ ಕೂಡಿ. ಬಲತುದಿಯಲ್ಲಿ ಒಂದೇ 1, ಅದರ ಪಕ್ಕ ಎರಡು, ನಡುವೆ ಆರು, ಆಮೇಲೆ ಒಂದೊಂದೇ ಇಳಿಯುತ್ತದೆ. ಎಲ್ಲೂ ಮೊತ್ತ ಹತ್ತು ಮುಟ್ಟುವುದಿಲ್ಲ, ಹಾಗಾಗಿ ದಶಕ ಪಕ್ಕಕ್ಕೆ ಹೋಗುವ ಮಾತೇ ಇಲ್ಲ. ಒಂಬತ್ತು 1ಗಳವರೆಗೂ ಹೀಗೇ ನಡೆಯುತ್ತದೆ. ಹತ್ತು 1 ತಗೊಂಡರೆ ನಡುವೆ ಹತ್ತು ಬಂದು, ಉತ್ತರ 1234567900987654321 ಆಗಿ ಅಂದ ಕೆಡುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಇದರ ಅಪವರ್ತನಗಳು. 111111 ಅಂದರೆ 111 × 1001. 111 ಅಂದರೆ 3 × 37. 1001 ಅಂದರೆ 7 × 11 × 13. ಐದು ಬೇರೆ ಬೇರೆ ಅವಿಭಾಜ್ಯಗಳು. ವರ್ಗ ಮಾಡಿದಾಗ ಪ್ರತಿಯೊಂದೂ ಎರಡೆರಡು ಸಲ ಬರುತ್ತದೆ. ಭಾಜಕ ಕಟ್ಟುವಾಗ ಒಂದೊಂದನ್ನೂ ಬಿಡಬಹುದು, ಒಂದು ಸಲ ಅಥವಾ ಎರಡು ಸಲ ತಗೊಳ್ಳಬಹುದು. ಮೂರನ್ನು ಐದು ಸಲ ಗುಣಿಸಿದರೆ 243. ಅಷ್ಟು ಭಾಜಕಗಳಿವೆ ಇದಕ್ಕೆ! ನಡುವಿನದು 111111. ಉಳಿದವು 121 ಜೋಡಿಗಳು.

ಆ ಜೋಡಿಗಳಲ್ಲಿ ಒಂದನ್ನು ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಲೆಕ್ಕವಾಗಿ ಕೊಟ್ಟಿದ್ದಾರೆ. ಹೌದು, ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು. ಗ್ರಂಥದ ಶುರುವಿನಲ್ಲೇ ಅವನನ್ನು ಹೊಗಳಿದ್ದಾರೆ ಕೂಡ. ಲೆಕ್ಕ ಇಷ್ಟೇ: 27994681ನ್ನು 441ರಿಂದ ಗುಣಿಸಿ. ಸುಮ್ನೆ ನೋಡಿದರೆ 27994681ರಲ್ಲಿ ಯಾವ ಚೆಂದವೂ ಕಾಣುವುದಿಲ್ಲ. ಗುಣಿಸಿದ ಮೇಲೆ ಒಂದರಿಂದ ಆರರವರೆಗೆ ಹತ್ತಿ ಇಳಿಯುವ ಸಂಖ್ಯೆ ಬಂದು ನಿಲ್ಲುತ್ತದೆ. ಕಲಿಯುವ ಹುಡುಗರಿಗೆ ಎಂಥಾ ಖುಷಿ ಆಗಿರಬೇಕು ಅಲ್ವಾ? ಜೋಡಿಯ ಆಯ್ಕೆಯೂ ಸೊಗಸಾಗಿದೆ. 441 ಅಂದರೆ 21ರ ವರ್ಗ, 3 ಮತ್ತು 7 ಅದರಲ್ಲಿ ಹೋದವು. ಉಳಿದ 11, 13, 37 ಸೇರಿ 5291. ಅದರ ವರ್ಗವೇ 27994681.

ಅದೇ ಗ್ರಂಥದಲ್ಲಿ ಇಂಥವು ಇನ್ನೂ ಇವೆ. 152207ನ್ನು 73ರಿಂದ, 142857143ನ್ನು 7ರಿಂದ ಗುಣಿಸಿ ನೋಡಿ. ಕ್ಯಾಲ್ಕುಲೇಟರ್ ಬೇಡ, ಕೈಯಲ್ಲೇ ಮಾಡಿ. ಎರಡನೆಯದಕ್ಕೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ.